ನೀರ ಮೇಲೆ ಜಾರಿದ ಗುಂಡು

ನಮ್ಮ ಮನೆಯಲ್ಲಿ ದೇವರ ಕೋಣೆಗೂ ಅಪ್ಪಾಜಿಯ ಬಂದೂಕಿನ ಕೋಣೆಗೂ ನಡುವೆ ಒಂದೇ ಗೋಡೆ. ಈ ಕಡೆ ಅಜ್ಜಿಯ ವಿಭೂತಿ ಉಂಡೆ, ಬಿಲ್ವಪತ್ರೆ, ಊದುಬತ್ತಿ. ಆ ಕಡೆ ಅಪ್ಪಾಜಿಯ ಎಣ್ಣೆ ಡಬ್ಬಿ, ಹಳೆಯ ಬನಿಯನ್ನು ಹರಿದು ಮಾಡಿದ ಚಿಂದಿ, ನಳಿಗೆಯೊಳಗೆ ತೂರಿಸಿ ಉಜ್ಜುವ ಉದ್ದ ಸಲಾಕೆ. ನಡುಮನೆಯಲ್ಲಿ ಕೂತವರಿಗೆ ಎರಡೂ ವಾಸನೆ ಬೆರೆತು ಬರುತ್ತಿದ್ದವು. ಇವತ್ತಿಗೂ ಯಾರ ಮನೆಯಲ್ಲಾದರೂ ಊದುಬತ್ತಿ ಹಚ್ಚಿದರೆ ನನ್ನ ಮೂಗು ಅದರ ಬೆನ್ನ ಹಿಂದೆ ಸುಟ್ಟ ಮದ್ದಿನ ಜಿಗುಟು ವಾಸನೆಯನ್ನು ಹುಡುಕುತ್ತದೆ, ಎದ್ದು ಹೊರಗೆ ಹೋಗಿಬಿಡುತ್ತೇನೆ. ಭಕ್ತಿಯಿಲ್ಲದವಳು ಎಂದು ನನ್ನ ಅತ್ತೆ ಮನೆಯವರು ಬಹಳ ದಿನ ತಿಳಿದಿದ್ದರು. ಭಕ್ತಿಗೂ ಅದಕ್ಕೂ ಸಂಬಂಧವಿಲ್ಲ, ಅದು ಮೂಗಿನ ಕಾಯಿಲೆ.

ಮನೆ ಇದ್ದದ್ದು ತಿ. ನರಸೀಪುರದಿಂದ ಹೆಮ್ಮಿಗೆಯ ಕಡೆ ಹೋಗುವ ದಾರಿಯಲ್ಲಿ, ನಾಲೆಯ ಏರಿಗೆ ಬೆನ್ನು ಕೊಟ್ಟು. ಮುಂದೆ ಕಣ, ಹಿಂದೆ ಹಿತ್ತಲು, ಹಿತ್ತಲಿನ ತುದಿಗೆ ಒಂದು ದೊಡ್ಡ ಬಸರಿ ಮರ, ಅದರಾಚೆ ನಾಲೆ. ಅಪ್ಪಾಜಿಗೆ ಪೇಟೆಯಲ್ಲಿ ರೈಸ್ ಮಿಲ್ಲಿತ್ತು. ಮಠದ ದಾಸೋಹಕ್ಕೆ ಅಕ್ಕಿ ಕಳಿಸುವವರು, ಊರ ಪಂಚಾಯ್ತಿಯಲ್ಲಿ ಮೊದಲ ಕುರ್ಚಿ ಹಾಕಿಸಿಕೊಳ್ಳುವವರು. ಬೆಳಿಗ್ಗೆ ಸ್ನಾನ ಮಾಡಿ, ಹಣೆತುಂಬ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡದೆ ಒಂದು ತೊಟ್ಟು ಕಾಫಿಯನ್ನೂ ಮುಟ್ಟಿದವರಲ್ಲ. ಮೊಟ್ಟೆ ಹಾಕಿದ ಬಿಸ್ಕತ್ತು ಎಂದು ಅನುಮಾನ ಬಂದರೆ ಪೊಟ್ಟಣವನ್ನೇ ಬೀದಿಗೆ ಎಸೆಸುತ್ತಿದ್ದರು. ಅವರ ಕೊರಳಲ್ಲಿ ನೇತಾಡುತ್ತಿದ್ದ ಲಿಂಗದ ಬೆಳ್ಳಿ ಕರಡಿಗೆ, ಅವರು ಬಂದೂಕು ಹಿಡಿದು ಬಗ್ಗಿದಾಗ ಅದರ ಮರದ ಹಿಡಿಗೆ ಟಕ್ ಎಂದು ತಗುಲುತ್ತಿತ್ತು. ಗುರಿ ತಪ್ಪೀತೆಂದು ಅವರು ಕರಡಿಗೆಯನ್ನು ಬನಿಯನ್ನಿನೊಳಕ್ಕೆ ಸೇರಿಸಿಕೊಂಡು, ಆಮೇಲೆ ಒಂದು ಕಣ್ಣು ಮುಚ್ಚುತ್ತಿದ್ದರು. ದಿನವೂ ನೋಡುತ್ತಿದ್ದೆ. ಅದರಲ್ಲಿ ಅಸಹ್ಯಪಡುವಂಥದ್ದು ಏನೋ ಇದೆ ಎಂದು ಗೊತ್ತಾಗಲು ನನಗೆ ಹನ್ನೆರಡು ವರ್ಷ ತುಂಬಬೇಕಾಯಿತು.

ಆ ಬಂದೂಕೇನೂ ದೊಡ್ಡದಲ್ಲ. ಪಾಯಿಂಟ್ ಟೂ ಟೂ ಅನ್ನುತ್ತಿದ್ದರು. ಅದರ ತೋಟಾ ನನ್ನ ಕಿರುಬೆರಳ ತುದಿಗೆಣ್ಣಿನಷ್ಟು ಉದ್ದ, ಪೆನ್ಸಿಲ್ಲಿಗಿಂತ ಸಣ್ಣ. ಮನೆಗೆ ಬಂದವರಿಗೆಲ್ಲ ಅಪ್ಪಾಜಿ ಒಂದು ತೋಟಾ ಅಂಗೈ ಮೇಲಿಟ್ಟು ಪಾಠ ಹೇಳುತ್ತಿದ್ದರು.

"ದೊಡ್ಡ ಬಂದೂಕಿನ ತೋಟಾಕ್ಕೆ ನಟ್ಟನಡುವೆ ಏಟು ಬೀಳಬೇಕು. ಇದಕ್ಕೆ ಅಂಚಿಗೆ ತಗುಲಿದ್ರೆ ಸಾಕು, ಸಿಡೀತದೆ. ಸದ್ದು ಕಮ್ಮಿ, ಭುಜಕ್ಕೆ ಒದೆಯೋದು ಕಮ್ಮಿ, ಖರ್ಚೂ ಕಮ್ಮಿ. ಇದನ್ನ ಬಂದೂಕು ಅನ್ನಬಾರದು ಕಣ್ರೀ, ಇದು ಆಟದ ಸಾಮಾನು."

ಲೈಸೆನ್ಸು ಪಡೆದದ್ದು ಕಾಡುಹಂದಿಯಿಂದ ಬೆಳೆ ಕಾಯಲು ಎಂದು ಹೇಳಿ. ಈ ಗುಂಡು ಹಂದಿಯ ಚರ್ಮಕ್ಕೆ ಗೀರು ಹಾಕುವುದೂ ಕಷ್ಟ ಎಂದು ಅವರೇ ನಗುತ್ತಿದ್ದರು. ಹಂದಿಯನ್ನು ನಮ್ಮ ಗದ್ದೆಯಲ್ಲಿ ನಾನು ನೋಡಲೂ ಇಲ್ಲ. ಆಟದ ಸಾಮಾನು ಆಟಕ್ಕೇ ಬಳಕೆಯಾಯಿತು. ಡಾಲ್ಡಾ ಡಬ್ಬಿ, ಬಣ್ಣದ ಡಬ್ಬಿ, ಸುಣ್ಣದಲ್ಲಿ ಗುಂಡಗೆ ಗೀರಿದ ಹಲಗೆ, ದಾರದಲ್ಲಿ ನೇತುಬಿಟ್ಟ ನಿಂಬೆಹಣ್ಣು, ಇವೆಲ್ಲ ಮೊದಲ ಸಾಲು. ಡಬ್ಬಿ ಬೇಜಾರಾದ ಮೇಲೆ ಮಿಲ್ಲಿನ ಇಲಿ, ಬೇಲಿ ಮೇಲಿನ ಓತಿಕ್ಯಾತ, ಕಾಗೆ, ಗದ್ದೆ ಬದುವಿನ ಬೆಳ್ಳಕ್ಕಿ, ಕೊನೆಗೆ ಬಸರಿ ಮರದ ಬಾವಲಿ. ಚುನಾವಣೆ ಬಂದಾಗ ಮಾತ್ರ ಎಲ್ಲರ ಬಂದೂಕಿನಂತೆ ಅದೂ ಸ್ಟೇಷನ್ನಿಗೆ ಹೋಗಿ ಒಂದಷ್ಟು ದಿನ ಕೂರುತ್ತಿತ್ತು. ನಮ್ಮ ಅವ್ವನಷ್ಟು ಚುನಾವಣೆಗಾಗಿ ಕಾದವರು ಇಡೀ ತಾಲ್ಲೂಕಿನಲ್ಲಿ ಇರಲಾರರು. ಆ ದಿನಗಳಲ್ಲಿ ಹಿತ್ತಲಲ್ಲಿ ಕೂತು ಹಾಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

ಅವ್ವ ನಂಜನಗೂಡಿನವಳು. ಕಪಿಲೆಯ ದಂಡೆಯ ಬೀದಿಯಲ್ಲಿ, ಗುಡಿಗೆ ಹೂ ಕಟ್ಟಿಕೊಡುವವರ ಮನೆ ಪಕ್ಕ ಬೆಳೆದವಳು. ಜಾಸ್ತಿ ಮಾತಿನವಳಲ್ಲ. ಗಂಡಸರು ಜಗಲಿಯಲ್ಲಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ. ಭಾನುವಾರ ಬಂತೆಂದರೆ ಅಪ್ಪಾಜಿಯ ಗೆಳೆಯ ಕಾಂತರಾಜು ಮಾವ ಪೇಟೆಯಿಂದ ಜೀಪಿನಲ್ಲಿ ಬರುತ್ತಿದ್ದರು. ರಸ್ತೆ ಕಂಟ್ರಾಕ್ಟರು. ಬಾಯಿತುಂಬ ಎಲೆಅಡಿಕೆ, ಕೈತುಂಬ ಉಂಗುರ. ಅವರು ಬರುವ ಹೊತ್ತಿಗೆ ಅವ್ವ ಒಬ್ಬಟ್ಟಿಗೆ ಹೂರಣ ರುಬ್ಬಿಟ್ಟಿರಬೇಕು. ಇಬ್ಬರೂ ಬಸರಿ ಮರದಡಿ ಗೋಣಿಚೀಲ ಹಾಸಿಕೊಂಡು ಬಾವಲಿಗಳನ್ನು ಒಂದೊಂದಾಗಿ ಉದುರಿಸುತ್ತಿದ್ದರು. ಹಗಲು ಹೊತ್ತು ತಲೆಕೆಳಗಾಗಿ ನೇತಾಡಿಕೊಂಡು ನಿದ್ದೆ ಮಾಡುವ ಪ್ರಾಣಿ ಅದು, ಓಡುವುದಿಲ್ಲ. ಹೊಡೆದವರ ಜಾಣ್ಮೆ ಅದರಲ್ಲಿ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಬಿದ್ದದ್ದನ್ನು ಕಾಂತರಾಜು ಮಾವ ಎತ್ತಿ, ರೆಕ್ಕೆಯನ್ನು ಎರಡೂ ಕಡೆ ಜಗ್ಗಿ, ಛತ್ರಿ ಬಿಚ್ಚಿದ ಹಾಗೆ ಅಗಲ ಮಾಡಿ, "ನೋಡಿ ಅಣ್ಣ, ಇದು ಹೋದ ವಾರದ್ದಕ್ಕಿಂತ ದೊಡ್ಡದು" ಅನ್ನುತ್ತಿದ್ದರು. ಒಂದು ಸಲ ಹಾಗೆ ಎತ್ತಿದ ಬಾವಲಿಯ ಎದೆಗೆ ಮರಿಯೊಂದು ಕಚ್ಚಿಕೊಂಡಿತ್ತು. ತಾಯಿ ಸತ್ತಿತ್ತು, ಮರಿ ಇನ್ನೂ ಹಾಲು ಚೀಪುತ್ತಿತ್ತು. ಮಾವ ಅದನ್ನು ನೋಡಿ ನಕ್ಕರು. ನಕ್ಕಾಗ ಬಾಯಿಂದ ಎಲೆಅಡಿಕೆಯ ಕೆಂಪು ಜೊಲ್ಲು ಬಾವಲಿಯ ರೆಕ್ಕೆ ಮೇಲೆ ಬಿತ್ತು.

ಆಮೇಲೆ ಇಬ್ಬರೂ ಬಚ್ಚಲಲ್ಲಿ ಸೋಪು ಹಾಕಿ ಕೈತೊಳೆದು ಪಡಸಾಲೆಯಲ್ಲಿ ಎಲೆ ಮುಂದೆ ಕೂರುತ್ತಿದ್ದರು. ಅವ್ವ ತುಪ್ಪ ಬಡಿಸುತ್ತಿದ್ದಳು. ಆ ಕೈಗಳು ಒಬ್ಬಟ್ಟು ಮುರಿಯುವುದನ್ನು ನಾನು ಕಂಬದ ಪಕ್ಕ ನಿಂತು ನೋಡುತ್ತಿದ್ದೆ. ಅಜ್ಜಿ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಲಿಂಗ ಕಟ್ಕೊಂಡು ಇದೇನಪ್ಪ ಕಟುಕರ ಕೆಲ್ಸ, ನಮ್ಮ ವಂಸದಲ್ಲಿ ಯಾರೂ ಮಾಡ್ಲಿಲ್ಲ" ಎಂದು ಗೊಣಗುತ್ತಾ ಹಿತ್ತಲಿಗೆಲ್ಲ ಸಗಣಿ ನೀರು ಚಿಮುಕಿಸುತ್ತಿದ್ದಳು. ಅಜ್ಜಿಯೇ ನಮ್ಮ ಪಕ್ಷ ಎಂದು ಆಗ ನಾನೂ ಅವ್ವನೂ ನಂಬಿದ್ದೆವು.

ಆ ಮರಿಯ ದಿನ ಅವ್ವ ಜಗಳ ತೆಗೆದಳು. ಕಾಂತರಾಜು ಮಾವನ ಜೀಪು ತಿರುವು ದಾಟುವ ತನಕ ಕಾದು, ಎಂಜಲೆಲೆ ಎತ್ತುತ್ತಾ ಕೇಳಿದಳು.

"ಅದನ್ನ ಯಾಕೆ ಹೊಡೆದ್ರಿ?"

"ಸಪೋಟ ತಿಂತಾವೆ."

"ಇರೋದು ಒಂದು ಸಪೋಟ ಮರ. ಹುಳ ಬೀಳುತ್ತೆ ಅಂತ ನಾವೂ ತಿನ್ನಲ್ಲ."

"ಗುರಿ ಕೈತಪ್ಪಬಾರದು ಕಣೆ. ಪ್ರಾಕ್ಟೀಸು ಬೇಕು."

"ಯಾವುದಕ್ಕೆ ಪ್ರಾಕ್ಟೀಸು?"

ಅಪ್ಪಾಜಿ ಮಜ್ಜಿಗೆ ತಾ ಎಂದರು. ಅವ್ವ ತಂದುಕೊಟ್ಟಳು. ನಮ್ಮ ಮನೆಯ ಜಗಳಗಳೆಲ್ಲ ಮಜ್ಜಿಗೆಯಲ್ಲೇ ಮುಗಿಯುತ್ತಿದ್ದವು.

ಸತ್ತವನ್ನು ಹೂಳುತ್ತಿದ್ದವಳು ಮಾದೇವಮ್ಮ. ನಾಲೆಯ ಆಚೆ ದಡದ ಬೀದಿಯವಳು. ಅವಳ ಮನೆಯ ಗೋಡೆಯಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧನ ಪಟವಿತ್ತು, ಅದಕ್ಕೊಂದು ಸಣ್ಣ ನೀಲಿ ಬಲ್ಬು. ಗಂಡ ಮೈಸೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ತನ್ನದೊಂದು ಹಸು, ಚೂರು ಜಮೀನು ನೋಡಿಕೊಂಡು, ಬೆಳಿಗ್ಗೆ ಹೊತ್ತು ನಮ್ಮ ಕೊಟ್ಟಿಗೆ ಕಸ ಬಳಿದು ಹೋಗುತ್ತಿದ್ದಳು. ಅಪ್ಪಾಜಿಯನ್ನು ಆ ಬೀದಿಯವರೆಲ್ಲ ಕರೆಯುವಂತೆ 'ಬುದ್ಧಿ' ಎಂದೇ ಕರೆಯುತ್ತಿದ್ದಳು. ಬಾವಲಿಗಳನ್ನು ಗುಂಡಿಗೆ ಹಾಕಿ ಮಣ್ಣೆಳೆಯುತ್ತಾ ಒಂದು ದಿನ ನನ್ನನ್ನು ಕೇಳಿದಳು.

"ತಿನ್ನೋರು ಒಡೆದ್ರೆ ಒಟ್ಟೆಗಾಯ್ತು ಅನ್ಬೌದು ಕಣವ್ವ. ನಿಮ್ಮಪ್ಪಾಜಿ ತಿನ್ನದೂ ಇಲ್ಲ, ಮಾರದೂ ಇಲ್ಲ. ಇದೇನವ್ವ ಇದು ಚಟ?"

ನಾನೂ ಬಗ್ಗಿ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದೆ.

ಅಪ್ಪಾಜಿಗೆ ನಾನೊಬ್ಬಳೇ ಮಗಳು. ಗಂಡುಮಗ ಇದ್ದಿದ್ದರೆ ಕಲಿಸುತ್ತಿದ್ದುದನ್ನು ನನಗೇ ಕಲಿಸಲು ಹೊರಟರು. ಗೋಣಿಚೀಲದ ಮೇಲೆ ಬೋರಲು ಮಲಗಿಸಿ, ಹಿಡಿಯನ್ನು ಭುಜಕ್ಕೆ ಒತ್ತಿಸಿ, ಕೆನ್ನೆ ಎಲ್ಲಿ ತಗುಲಬೇಕು, ಉಸಿರು ಯಾವಾಗ ಹಿಡಿಯಬೇಕು ಎಂದು ತೋರಿಸಿದರು. ನನ್ನ ಕಣ್ಣು ಚೆನ್ನಾಗಿತ್ತು. ಡಬ್ಬಿ ಟಣ್ ಎಂದು ಹಾರಿ ಬಿದ್ದಾಗ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪಾಜಿ ಬೆನ್ನು ತಟ್ಟಿ "ಭೇಷ್ ದಾಕ್ಷಿ" ಅಂದರೆ ಇನ್ನೂ ಖುಷಿ. ಅವರು ಬೇರೆ ಯಾವುದಕ್ಕೂ ನನ್ನನ್ನು ಹಾಗೆ ಹೊಗಳಿದವರಲ್ಲ. ಡಬ್ಬಿಯ ಮಟ್ಟಿಗೆ ನಿಂತಿದ್ದರೆ ನಾನೂ ಆ ಬಂದೂಕನ್ನು ಪ್ರೀತಿಸುತ್ತಲೇ ದೊಡ್ಡವಳಾಗುತ್ತಿದ್ದೆನೋ ಏನೋ.

ಒಂದು ಮಧ್ಯಾಹ್ನ ಹಿತ್ತಲ ಗೋಡೆ ಮೇಲೆ ಅಳಿಲೊಂದು ಬಂದು ಕೂತಿತು. "ತಗೋ ಮಗ, ಈಗ ನಿಜವಾದ ಗುರಿ" ಎಂದರು ಅಪ್ಪಾಜಿ. ನಾನು ಕಣ್ಣಿಟ್ಟು ನೋಡಿದೆ. ಭತ್ತದ ತೆನೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು, ನಾವು ಜೋಳದ ತೆನೆ ತಿನ್ನುವ ಹಾಗೆ. ನಾನು ಬಂದೂಕು ಕೆಳಗಿಟ್ಟೆ. ಅಪ್ಪಾಜಿ ಬೈಯಲಿಲ್ಲ. ನನ್ನ ತಲೆ ಮೇಲಿಂದಲೇ ಕೈಚಾಚಿ ಎತ್ತಿಕೊಂಡು, ಕರಡಿಗೆಯನ್ನು ಬನಿಯನ್ನಿನೊಳಗೆ ಸೇರಿಸಿ, ಹೊಡೆದರು. ಅಳಿಲು ಸಾಯಲಿಲ್ಲ. ಗೋಡೆಯಿಂದ ಬಿದ್ದು, ಹಿಂದಿನ ಅರ್ಧ ಮೈ ನೆಲಕ್ಕೆ ಅಂಟಿದಂತಾಗಿ, ಮುಂಗಾಲಲ್ಲಿ ನೆಲ ಕೆರೆಯುತ್ತಾ ಇದ್ದಲ್ಲೇ ಸುತ್ತತೊಡಗಿತು.

"ನೋಡು, ಸೊಂಟಕ್ಕೆ ಬಿತ್ತು. ಗಾಳಿ ಸ್ವಲ್ಪ ಆ ಕಡೆ ಎಳೀತು. ಇಂಥ ಹೊತ್ತಲ್ಲಿ ಒಂದು ಕೂದಲಷ್ಟು ಈಚೆಗೆ ಹಿಡೀಬೇಕು."

ಅವರ ದನಿಯಲ್ಲಿ ಕೋಪವಿರಲಿಲ್ಲ, ಸಂತೋಷವೂ ಇರಲಿಲ್ಲ. ಮಿಲ್ಲಿನಲ್ಲಿ ನುಚ್ಚಕ್ಕಿ ಯಾಕೆ ಜಾಸ್ತಿ ಬಂತು ಎಂದು ಲೆಕ್ಕ ಬರೆಯುವ ರೈಟರಿಗೆ ವಿವರಿಸುವ ದನಿ. ಅಳಿಲು ಸುತ್ತುತ್ತಲೇ ಇತ್ತು, ಅವರು ಗಾಳಿಯ ಮಾತು ಆಡುತ್ತಲೇ ಇದ್ದರು. ನಾನು ಗೋಣಿಚೀಲದ ಮೇಲೆ ವಾಂತಿ ಮಾಡಿಕೊಂಡೆ. "ಹೆಣ್ಣುಮಕ್ಕಳ ಹೊಟ್ಟೆ" ಎಂದು ನಕ್ಕು ನನ್ನನ್ನು ಒಳಗೆ ಕಳಿಸಿದರು. ಅವತ್ತಿನಿಂದ ನಾನು ಅವರ ಕೈಯಿಂದ ಪ್ರಸಾದ ತೆಗೆದುಕೊಳ್ಳುವಾಗ ಬೆರಳು ತಗುಲದ ಹಾಗೆ ತೆಗೆದುಕೊಳ್ಳುವುದನ್ನು ಕಲಿತೆ.

ಮುಂದಿನದು ನಡೆದದ್ದು ಬೇಸಿಗೆಯ ಭಾನುವಾರ. ಮರದಲ್ಲಿ ಬಾವಲಿಗಳು ಉಳಿದಿರಲಿಲ್ಲ. ಡಬ್ಬಿ ಹೊಡೆದು ಇಬ್ಬರಿಗೂ ಸಾಕಾಗಿತ್ತು. ಕಾಂತರಾಜು ಮಾವನಿಗೆ ಹೊಸ ಆಟ ಹೊಳೆಯಿತು. ಕೊಳೆತ ತೆಂಗಿನಕಾಯಿಗಳನ್ನು ನಾಲೆಗೆ ಎಸೆದು, ಅವು ತೇಲಿಕೊಂಡು ಹೋಗುವಾಗ ಹೊಡೆಯುವುದು. ತಗುಲಿದರೆ ಕಾಯಿ ಮಗುಚುತ್ತಿತ್ತು, ತಪ್ಪಿದರೆ ನೀರು ಕಾರಂಜಿಯಂತೆ ಚಿಮ್ಮುತ್ತಿತ್ತು. ಎರಡಕ್ಕೂ ನಗು. ಅವ್ವ ಮಜ್ಜಿಗೆ ಚೊಂಬು ಕೊಟ್ಟು ನನ್ನನ್ನು ಏರಿಗೆ ಕಳಿಸಿದ್ದಳು. ಆಚೆ ದಡದಲ್ಲಿ ಜೊಂಡು ಎತ್ತರಕ್ಕೆ ಬೆಳೆದಿತ್ತು. ಅದರ ನಡುವೆ ಹಸಿರು ಸೀರೆಯ ಬೆನ್ನೊಂದು ಬಗ್ಗಿ ಹುಲ್ಲು ಕೊಯ್ಯುತ್ತಿರುವುದು ನನಗೆ ಕಂಡಿತು. "ಅಪ್ಪಾಜಿ, ಅಲ್ಲಿ ಯಾರೋ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಬಂದೂಕಿನ ಕುದುರೆ ಎಳೆದಾಗಿತ್ತು.

ಆ ಗುಂಡಿನ ಸದ್ದು ಬೇರೆಯಾಗಿತ್ತು. ನೀರು ಚಿಮ್ಮಿತು, ಆದರೆ ಸದ್ದು ಅಲ್ಲಿಗೆ ನಿಲ್ಲದೆ ಜುಂಯ್ ಎಂದು ಮುಂದೆ ಹೋಯಿತು. ಮಕ್ಕಳು ಕೆರೆಯಲ್ಲಿ ಬಿಲ್ಲೆ ಎಸೆದರೆ ಅದು ನೀರ ಮೇಲೆ ಜಾರಿಕೊಂಡು ಹೋಗುತ್ತದಲ್ಲ, ಹಾಗೆ. ಮರುಕ್ಷಣ ಆಚೆ ದಡದಿಂದ "ಅಯ್ಯಪ್ಪೋ" ಎಂದು ಕೂಗು. ಆಗ ಅಪ್ಪಾಜಿ ಮೊದಲು ಮಾಡಿದ ಕೆಲಸ ಹೇಳುತ್ತೇನೆ. ಅವರು ಆಚೆ ದಡ ನೋಡಲಿಲ್ಲ. ಬಗ್ಗಿ, ಕಾಲ ಬಳಿ ಬಿದ್ದಿದ್ದ ಖಾಲಿ ತೋಟಾಗಳನ್ನು ಹುಲ್ಲಿನಿಂದ ಹೆಕ್ಕಿ ಹೆಕ್ಕಿ ಜೇಬಿಗೆ ಹಾಕಿಕೊಂಡರು.

ನಾನು ಕಾಲುಸೇತುವೆ ಮೇಲೆ ಓಡಿದೆ. ಮಾದೇವಮ್ಮ ಜೊಂಡಿನ ನಡುವೆ ಕೂತು ಮೊಣಕಾಲ ಕೆಳಗೆ ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕುಡುಗೋಲು ಪಕ್ಕದಲ್ಲಿ ಬಿದ್ದಿತ್ತು.

"ಏನವ್ವ ಅದು? ಏನು ಕಚ್ತು ನಂಗೆ?"

ಅಷ್ಟು ಹೊತ್ತಿಗೆ ಅಪ್ಪಾಜಿ ಬಂದರು. ಬಂದೂಕು ಕೈಯಲ್ಲಿರಲಿಲ್ಲ, ಕಾಂತರಾಜು ಮಾವ ಅದನ್ನು ಹೊತ್ತುಕೊಂಡು ಆಗಲೇ ಮನೆ ಕಡೆ ಹೊರಟಿದ್ದರು.

"ಬೇಲಿ ತಂತಿ ಚುಚ್ಚಿದೆ ಕಣಮ್ಮ. ಏನಾಗಲ್ಲ, ಎದ್ದೇಳು. ಅಲ್ವಾ ದಾಕ್ಷಿ?"

"ಇಲ್ಲಿ ಬೇಲಿ ಇಲ್ಲ ಅಪ್ಪಾಜಿ" ಎಂದೆ.

ಅವರು ನನ್ನನ್ನು ನೋಡಿದರು. ಮಿಲ್ಲಿನ ಬಾಕಿದಾರರನ್ನು ನೋಡುವ ಹಾಗೆ. ಮಾದೇವಮ್ಮ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದಳು. ಏನು ಕಚ್ಚಿತೆಂದು ಅವಳಿಗೆ ಆಗ ತಿಳಿಯಿತು. ಅಳುವುದನ್ನು ನಿಲ್ಲಿಸಿಬಿಟ್ಟಳು.

ಆಸ್ಪತ್ರೆ ಪೇಟೆಯಲ್ಲೇ ಇತ್ತು, ಆದರೆ ಅಲ್ಲಿಗೆ ಕರೆದೊಯ್ಯಲಿಲ್ಲ. ಗುಂಡಿನ ಗಾಯವೆಂದರೆ ಪೊಲೀಸರಿಗೆ ಹೋಗುತ್ತದೆಂದು, ಕಾಂತರಾಜು ಮಾವನ ಪರಿಚಯದ ಒಬ್ಬ ಖಾಸಗಿ ಡಾಕ್ಟರ ಹತ್ತಿರ, ನಂಜನಗೂಡಿಗೆ ಜೀಪು ಓಡಿಸಿದರು. ಅಷ್ಟು ದೂರ, ಆ ಗುಂಡಿಬಿದ್ದ ರಸ್ತೆಯಲ್ಲಿ. ಅವ್ವ ಯಾರನ್ನೂ ಕೇಳದೆ ಜೀಪು ಹತ್ತಿ ಮಾದೇವಮ್ಮನ ಕಾಲನ್ನು ತನ್ನ ತೊಡೆ ಮೇಲಿಟ್ಟುಕೊಂಡಳು. ಡಾಕ್ಟರು ಒಳಗಿನಿಂದ ತೆಗೆದದ್ದನ್ನು ಕಬ್ಬಿಣದ ಚೂರು ಎಂದು ಚೀಟಿಯಲ್ಲಿ ಬರೆದರಂತೆ. ಅದು ಜಜ್ಜಿದ ಸೀಸವೆಂದು ತಟ್ಟೆಯಲ್ಲಿ ಅವ್ವನೇ ನೋಡಿದಳು. ಅಪ್ಪಾಜಿ ಅದನ್ನೂ ಒರೆಸಿ ಜೇಬಿಗೆ ಹಾಕಿಕೊಂಡರು.

ನಮಗಿದ್ದ ಒಂದೇ ಭರವಸೆ ಅಜ್ಜಿ. ಜೀವಮಾನವಿಡೀ ಆ ಬಂದೂಕನ್ನು ಶಪಿಸಿದವಳು. ಅವ್ವ ಬಂದವಳೇ ಅವಳ ಮುಂದೆ ನಿಂತು ನಡೆದದ್ದೆಲ್ಲ ಹೇಳಿದಳು. ಸೀರೆಯ ತೊಡೆಯ ಭಾಗದಲ್ಲಿ ರಕ್ತ ಒಣಗಿ ಗಟ್ಟಿಯಾಗಿತ್ತು. ಅಜ್ಜಿ ಕೇಳಿಸಿಕೊಂಡು, ಮೊದಲು ಬಾಗಿಲು ಹಾಕಿದಳು.

"ನಾಳೀಕೆ ಮಠದಿಂದ ಸ್ವಾಮಿಗೋಳು ಪಾದಪೂಜೆಗೆ ಬತ್ತಾವರೆ. ಈ ಮಾತು ಒಸ್ತಿಲು ದಾಟಕೂಡದು. ಆ ಎಂಗಸಿಗೆ ಒಂದು ಮೂಟೆ ಅಕ್ಕಿ, ಬೆಲ್ಲ ಕಳ್ಸು. ನೀನು ಓಗಿ ಸೀರೆ ಬದಲಾಯಿಸು, ಮೈಲಿಗೆ."

ಬಾವಲಿ ಸತ್ತರೆ ಸಗಣಿ ನೀರು ಹಾಕುತ್ತಿದ್ದ ಅಜ್ಜಿ. ಅವಳಿಗೆ ಹೇಸಿಗೆಯಾಗುತ್ತಿದ್ದುದು ಹಿತ್ತಲು ಗಲೀಜಾಗುತ್ತದೆಂದು ಮಾತ್ರ, ಜೀವ ಹೋಗುತ್ತದೆಂದಲ್ಲ. ಇದು ಗೊತ್ತಾದಾಗ ನನಗೆ ಅಪ್ಪಾಜಿಗಿಂತ ಅವಳನ್ನು ಕಂಡರೇ ಹೆಚ್ಚು ವಾಕರಿಕೆ ಬಂತು. ಮಾರನೆಯ ದಿನ ಪಾದಪೂಜೆ ಸಾಂಗವಾಗಿ ನಡೆಯಿತು. ಅಪ್ಪಾಜಿ ಮಡಿಯುಟ್ಟು, ಬಾಗಿ, ಸ್ವಾಮಿಗಳ ಪಾದದ ಮೇಲೆ ಒಂದೊಂದೇ ಹೂವಿಟ್ಟರು. ಹೊಡೆಯುವಾಗ ಎಷ್ಟು ಸ್ಥಿರವೋ ಪೂಜೆಗೂ ಅಷ್ಟೇ ಸ್ಥಿರವಾದ ಕೈ. ಊಟಕ್ಕೆ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡರು. ನಾನು ಹೊಟ್ಟೆನೋವೆಂದು ಅಟ್ಟದ ಮೇಲೆ ಮಲಗಿದ್ದೆ.

ಅದಾದ ಒಂದೆರಡು ದಿನಕ್ಕೆ ಅವ್ವ ಗಂಜಿ, ಉಪ್ಪಿನಕಾಯಿ ಹಿಡಿದು, ನನ್ನನ್ನೂ ಕರೆದುಕೊಂಡು ಮಾದೇವಮ್ಮನ ಮನೆಗೆ ಹೋದಳು. ಅಕ್ಕಿ ಮೂಟೆ ಕಟ್ಟು ಬಿಚ್ಚದೆ ಬಾಗಿಲ ಹೊರಗೇ ಬಿದ್ದಿತ್ತು. ಕೋಳಿಗಳು ಅದರ ಮೇಲೆ ಕೂತಿದ್ದವು. ಮಾದೇವಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು.

"ಅವ್ವಾರೆ, ಆ ಮೂಟೆ ತಕ್ಕೊಂಡೋಗಿ. ನಂಗೆ ಬ್ಯಾಡ."

"ಮಾದೇವಿ, ನಾನು ಕಳ್ಸಿದ್ದಲ್ಲ ಅದು."

"ಗೊತ್ತು ಕಣ್ರವ್ವ. ಬೇಲಿ ಚುಚ್ತು, ಬೇಲಿ ಚುಚ್ತು ಅಂತ ಊರೆಲ್ಲ ಏಳ್ತಾವರೆ. ನಮ್ಮ ಬೀದಿ ಮಕ್ಳೂ ಅಂಗೇ ಏಳ್ತಾವೆ. ನಂಗೆ ಬಿದ್ದಿದ್ದು ಗುಂಡು. ಗುಂಡು ಬಿತ್ತು ಅಂತ ಒಬ್ಬರಾದ್ರೂ ಬಾಯ್ಬಿಟ್ಟು ಏಳ್ಬೇಕಲ್ವ? ನಾನು ಏಳಿದ್ರೆ, ಸುಳ್ಳಿ ಅಂತಾರೆ. ನೋಡ್ದೋರು ಏಳ್ಬೇಕು."

ಗಂಜಿ ಆರಿ ಕೆನೆ ಕಟ್ಟಿತು.

"ನಾನು ಹೇಳ್ತೀನಿ. ನಡಿ" ಎಂದಳು ಅವ್ವ.

ಗಂಡಸರೆದುರು ಹೊಸ್ತಿಲು ದಾಟದ ನಮ್ಮವ್ವ ಅವತ್ತು ಆಟೋ ಕರೆಸಿ, ಮಾದೇವಮ್ಮನನ್ನು ಹೆಗಲಿಗೆ ಆತುಕೊಂಡು ಸ್ಟೇಷನ್ನಿನ ಮೆಟ್ಟಿಲು ಹತ್ತಿದಳು. ಇನ್ಸ್‌ಪೆಕ್ಟರಿಗೆ ಗುರುತು ಸಿಕ್ಕಿ ಎದ್ದು ನಿಂತರು.

"ಏನಮ್ಮ ಇಷ್ಟು ದೂರ? ಯಜಮಾನ್ರು ಬರಲಿಲ್ವಾ?"

"ಅವರ ವಿಷಯನೇ ಹೇಳೋಕೆ ಬಂದಿದೀನಿ ಸಾ. ಇವಳ ಕಾಲಿಗೆ ಬಿದ್ದಿದ್ದು ನಮ್ಮೆಜಮಾನ್ರ ಬಂದೂಕಿನ ಗುಂಡು. ತೆಗೆದಾಗ ನಾನು ಪಕ್ಕದಲ್ಲಿದ್ದೆ. ಹೊಡೆದಾಗ ನನ್ನ ಮಗಳು ಪಕ್ಕದಲ್ಲಿದ್ದಳು. ಬರ್ಕೊಳ್ಳಿ."

ಅವರಿಗೆ ಏನು ಮಾಡಬೇಕೋ ತೋಚಲಿಲ್ಲ. ನೀರು ತರಿಸಿದರು, ಮಾದೇವಮ್ಮನಿಗೆ ಕುರ್ಚಿ ಹಾಕಿಸಿದರು, ಕೊನೆಗೆ ಬರೆಸಿಕೊಂಡರು. ನನ್ನನ್ನು ಕೇಳಿದಾಗ ನಾನೂ ಹೇಳಿದೆ. ಖಾಲಿ ತೋಟಾ ಹೆಕ್ಕಿದ್ದನ್ನೂ ಹೇಳಿದೆ. ಬಸ್‌ಸ್ಟಾಂಡಿನ ಹತ್ತಿರ ಮೂವರೂ ಕಬ್ಬಿನ ಹಾಲು ಕುಡಿದೆವು. ಅಷ್ಟು ದಿನಗಳಲ್ಲಿ ನನ್ನ ಹೊಟ್ಟೆ ತಳ್ಳದೆ ಒಳಗಿಟ್ಟುಕೊಂಡದ್ದು ಅದೊಂದೇ.

ಮನೆಯಲ್ಲಿ ಅಪ್ಪಾಜಿ ಕೂಗಾಡಲಿಲ್ಲ. ಅವ್ವನ ಜೊತೆ ಮಾತು ಬಿಟ್ಟರು, ಅಷ್ಟೆ. ಕೂಗಾಡಿದವಳು ಅಜ್ಜಿ. "ಗಂಡನ್ನ ಪೋಲೀಸ್ರಿಗೆ ಇಡ್ಕೊಟ್ಟ ಕೈಯಿಂದ ನಂಗೆ ಅನ್ನ ಬ್ಯಾಡ" ಎಂದು ಬೇರೆ ಒಲೆ ಹೂಡಿದಳು. ಬಾವಲಿ ಕೊಂದ ಮಗನ ಕೈಯಿಂದ ತೀರ್ಥ ತೆಗೆದುಕೊಳ್ಳಲು ಮಾತ್ರ ಅವಳಿಗೆ ಕೊನೆಯವರೆಗೂ ಅಡ್ಡಿಯಾಗಲಿಲ್ಲ. ಬಂದೂಕು ಜಪ್ತಿಯಾಯಿತು, ಲೈಸೆನ್ಸು ರದ್ದಾಯಿತು. ಕೋರ್ಟಿನಲ್ಲಿ ಎರಡೂ ಕಡೆಯವರು ರಾಜಿಗೆ ಕೂತಾಗ ಮಾದೇವಮ್ಮ ಕೇಳಿದ್ದು ಒಂದೇ, 'ನನ್ನ ಬಂದೂಕಿನ ಗುಂಡು' ಎಂದು ಅವರೇ ಬಾಯಲ್ಲಿ ಹೇಳಲಿ. ಅಪ್ಪಾಜಿ ಹೇಳಿದರು. ಎದುರಿನ ಗೋಡೆ ನೋಡಿಕೊಂಡು ಹೇಳಿದರು. ಮಾದೇವಮ್ಮ ಮತ್ತೆ ನಮ್ಮ ಕೊಟ್ಟಿಗೆಗೆ ಬರಲಿಲ್ಲ. ಆ ಕಾಲನ್ನು ಒಂದಿಷ್ಟು ಎಳೆದುಕೊಂಡೇ ಅವಳು ತನ್ನ ಹಸು, ಜಮೀನು ನೋಡಿಕೊಂಡಳು.

ಇಷ್ಟಾದ ಮೇಲೆ ಮನುಷ್ಯ ಬದಲಾಗುತ್ತಾನೆ ಎಂದು ನೀವು ಎಣಿಸಬಹುದು. ನಾನೂ ಎಣಿಸಿದ್ದೆ. ಗದ್ದೆ ಕೊಯ್ಲು ಮುಗಿಯುವ ಹೊತ್ತಿಗೆ ಅಪ್ಪಾಜಿ ಮೈಸೂರಿನಿಂದ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದರು. ಏರ್‌ಗನ್. "ಇದಕ್ಕೆ ಲೈಸೆನ್ಸೇ ಬೇಡ!" ಎಂದು ಜಗಲಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಮಾರನೆಯ ದಿನವೇ ಹಿತ್ತಲಲ್ಲಿ ಅಳಿಲು ಬಿತ್ತು. ಅವ್ವ ಭಾನುವಾರ ಬೆಳಿಗ್ಗೆ ಒಲೆ ಹಚ್ಚದೆ ಸುಮ್ಮನೆ ಕೂತಳು. ಒಬ್ಬಟ್ಟಿಲ್ಲ, ಸಾರಿಲ್ಲ, ಅನ್ನವೂ ಇಲ್ಲ. ನಾವಿಬ್ಬರೂ ರಸಬಾಳೆ, ಅವಲಕ್ಕಿ ತಿಂದೆವು. ಅದರ ಮುಂದಿನ ಭಾನುವಾರವೂ ಹಾಗೇ. ಆಮೇಲೆ ಅವಳ ಬದುಕಿನುದ್ದಕ್ಕೂ ಭಾನುವಾರ ಆ ಒಲೆ ಹೊತ್ತಲಿಲ್ಲ. ಕಾಂತರಾಜು ಮಾವ ಕೆಲವು ವಾರ ಬಂದು ಖಾಲಿ ಹೊಟ್ಟೆಯಲ್ಲಿ ವಾಪಸು ಹೋದರು, ಆಮೇಲೆ ಬರುವುದನ್ನೇ ನಿಲ್ಲಿಸಿದರು. ಅಷ್ಟು ವರ್ಷದ ಗೆಳೆತನ ಒಬ್ಬಟ್ಟಿನ ಮೇಲೆ ನಿಂತಿತ್ತು. ಜೊತೆಗಾರನಿಲ್ಲದೆ ಅಪ್ಪಾಜಿಯ ಆಟವೂ ಸೊರಗಿತು. ಎದುರಿಗೆ ಭೇಷ್ ಅನ್ನುವವರಿಲ್ಲದಿದ್ದರೆ ಅಳಿಲು ಕೊಲ್ಲುವುದರಲ್ಲಿ ಅವರಿಗೂ ಏನೂ ಸ್ವಾರಸ್ಯವಿರಲಿಲ್ಲ.

ವರ್ಷಗಳು ಕಳೆದು ನನ್ನ ನಿಶ್ಚಿತಾರ್ಥ ಅದೇ ಮನೆಯಲ್ಲಿ ಆಯಿತು. ಅಜ್ಜಿ ತೀರಿಕೊಂಡಿದ್ದಳು. ಅವ್ವ ತಾನೇ ನಾಲೆ ದಾಟಿ ಹೋಗಿ ಮಾದೇವಮ್ಮನನ್ನು ಕುಂಕುಮ ಕೊಟ್ಟು ಕರೆದಳು, ಪಡಸಾಲೆಯ ಮೊದಲ ಸಾಲಿನಲ್ಲೇ ಎಲೆ ಹಾಕಿಸಿ ಕೂರಿಸಿದಳು. ಗಂಡಿನ ಕಡೆಯವರು ಒಂದು ಕ್ಷಣ ಮುಖ ಮುಖ ನೋಡಿಕೊಂಡು ಸುಮ್ಮನಾದರು. ಎದುರು ಸಾಲಿನಲ್ಲಿ ಅಪ್ಪಾಜಿ ಬೀಗರ ಪಕ್ಕ ಕೂತಿದ್ದರು. ತಲೆ ನೆರೆತಿತ್ತು, ದನಿ ಹಾಗೇ ಇತ್ತು. ಮಾತು ಎಲ್ಲೆಲ್ಲೋ ಸುತ್ತಿ ಬೇಟೆ, ಬಂದೂಕಿನ ಕಡೆಗೆ ತಿರುಗಿತು. ನಾನು ರೇಷ್ಮೆ ಸೀರೆಯಲ್ಲಿ ಬಾಗಿಲ ಹತ್ತಿರ ಕೂತಿದ್ದೆ. ಅವರು ಅದನ್ನು ಹೇಳಲಾರರು ಎಂದುಕೊಂಡೆ. ಹೇಳಿದರು.

"ಒಂದು ಸಲ ಏನಾಯ್ತು ಬೀಗ್ರೇ, ನಾಲೇಲಿ ತೇಲೋ ತೆಂಗಿನಕಾಯಿಗೆ ಹೊಡೆದೆ. ಗುಂಡು ನೀರ ಮೇಲೆ ಬಿದ್ದು ಕಪ್ಪೆ ಹಂಗೆ ಕುಪ್ಪಳಿಸ್ಕೊಂಡು ಹೋಗಿ ಆಚೆ ದಡದಲ್ಲಿದ್ದ ಒಬ್ಬ ಹೆಂಗಸಿನ ಎಡಗಾಲಿಗೆ ಬಿತ್ತು ನೋಡಿ! ಬೇಕು ಅಂತ ಗುರಿ ಇಟ್ರೂ ಬೀಳಲ್ಲ ಹಂಗೆ!"

ಬೀಗರು ಗೊಳ್ಳೆಂದು ನಕ್ಕರು. ಅವರ ತಮ್ಮಂದಿರು ನಕ್ಕರು. ನಾನು ಮದುವೆಯಾಗಲಿದ್ದ ಹುಡುಗನೂ, ದೊಡ್ಡವರು ನಕ್ಕರಲ್ಲ ಎಂದು, ಸ್ವಲ್ಪ ನಕ್ಕ.

"ಬಲಗಾಲು ಕಣ್ರೀ."

ಮಾದೇವಮ್ಮ ಅಂದದ್ದು. ಕೂಗಿ ಅನ್ನಲಿಲ್ಲ. ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟು, ಅಪ್ಪಾಜಿಯನ್ನೇ ನೋಡಿಕೊಂಡು ಅಂದಳು. ಬುದ್ಧಿ ಎಂದು ಕರೆಯಲಿಲ್ಲ.

"ಎಡಗಾಲಲ್ಲ. ಬಲಗಾಲು."

ಅವಳು ಆ ಕಾಲನ್ನು ಮಡಿಸಲಾರದೆ ಎಲೆಯ ಪಕ್ಕಕ್ಕೆ ಚಾಚಿ ಕೂತಿದ್ದಳು. ಸಾಲಿನಲ್ಲಿದ್ದವರೆಲ್ಲ ಅದನ್ನು ನೋಡಿದರು. ನಗು ಯಾರ ಬಾಯಲ್ಲಿ ಎಲ್ಲಿತ್ತೋ ಅಲ್ಲೇ ನಿಂತಿತು.

ಅವ್ವ ಪಾಯಸದ ಪಾತ್ರೆ ಹಿಡಿದು ಅಪ್ಪಾಜಿಯ ಎಲೆಯ ಹತ್ತಿರ ಬಂದಿದ್ದಳು. ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟಳು. ಮೂಲೆಯಿಂದ ಒಂದು ಬಾಳೆಲೆ ತಂದು ಮಾದೇವಮ್ಮನ ಪಕ್ಕ ಹಾಕಿ, ನೀರು ಚಿಮುಕಿಸಿ ಒರೆಸಿ, ಕೂತಳು. ತಾನೇ ಕೈಯಾರೆ ಅನ್ನ ಹಾಕಿಕೊಂಡು, ಗಂಡನ ಎದುರು ಸಾಲಿನಲ್ಲಿ, ಆ ಮನೆಗೆ ಬಂದಂದಿನಿಂದ ಮೊದಲ ಸಲ ಗಂಡಸರಿಗಿಂತ ಮುಂಚೆ ಊಟ ಮುಗಿಸಿದಳು. ಪಾಯಸ ಬಡಿಸಲು ಬೇರೆ ಯಾರೂ ಏಳಲಿಲ್ಲ.